ತಪ್ಪಲೆಯ ತಾಮ್ರ, ಕೂಸಿನ ಯಕೃತ್ತು

ಕಾವೇರಿಯ ದಡದ ಮುಳ್ಳೂರಾಗಲಿ, ಕೊಳ್ಳೇಗಾಲದ ಪೇಟೆಯಾಗಲಿ, ಹನೂರು ಯಳಂದೂರುಗಳಾಗಲಿ, ಅನುಕೂಲಸ್ಥರ ಅಡುಗೆಮನೆಯ ಐಶ್ವರ್ಯವೆಂದರೆ ಒಂದು ಕಾಲಕ್ಕೆ ಹಿತ್ತಾಳೆ ತಾಮ್ರಗಳ ಪಾತ್ರೆಗಳೇ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಬಂಗಾರದಂತೆ ಹೊಳೆಯುತ್ತಿದ್ದ ತಪ್ಪಲೆಯಲ್ಲಿ ಕಾಯಿಸಿಟ್ಟ ಹಾಲು ತನ್ನ ಕೂಸಿಗೆ ವಿಷವಾದೀತೆಂದು ಯಾವ ತಾಯಿ ತಾನೇ ಶಂಕಿಸಿಯಾಳು? ಕಟ್ಟಕಡೆಗೆ ಆ ಶಂಕೆಯನ್ನು ಹುಟ್ಟಿಸಿದ್ದು ಸೂಕ್ಷ್ಮದರ್ಶಕ.

ಜನ ಅದನ್ನು ‘ಲಿವರ್ ಕಾಯಿಲೆ’ ಎಂದೇ ಕರೆಯುತ್ತಿದ್ದರು. ವೈದ್ಯಗ್ರಂಥಗಳಲ್ಲಿ ಅದರ ಹೆಸರು ಭಾರತೀಯ ಬಾಲ ಸಿರೋಸಿಸ್. 1887ರಲ್ಲಿ ಕಲಕತ್ತೆಯ ಸೇನ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದರು. ವರ್ಷ ತುಂಬುವ ಹೊತ್ತಿಗೋ ಎರಡನೆಯ ವರ್ಷದಲ್ಲಿಯೋ ಮಗು ಸಿಡುಕತೊಡಗುವುದು; ಅನ್ನ ಸೇರದು; ಹೊಟ್ಟೆ ಉಬ್ಬುವುದು. ಬಲಪಕ್ಕೆಯ ಕೆಳಗೆ ಕೈಯಿಟ್ಟು ನೋಡಿದರೆ ಯಕೃತ್ತು ಗಟ್ಟಿಯಾಗಿ, ಅಂಚು ಎಲೆಯಂತೆ ಹರಿತವಾಗಿ ಬೆರಳಿಗೆ ತಾಗುವುದು. ಕಾಮಾಲೆ ತಲೆದೋರಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಉಳಿದದ್ದು ಕೆಲವೇ ತಿಂಗಳು. ಒಂದೇ ಮನೆಯಲ್ಲಿ ಒಂದರ ಹಿಂದೊಂದು ಮಗು ಹೀಗೆ ಕಣ್ಮುಚ್ಚಿದಾಗ, ಇದು ವಂಶದ ದೋಷವೇ ಇರಬೇಕೆಂದು ಹಿರಿಯರೂ ವೈದ್ಯರೂ ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಕೊಳ್ಳೇಗಾಲದ ಸೀಮೆಗೆ ದೊಡ್ಡ ಪಟ್ಟಣವೆಂದರೆ ಮದರಾಸೇ. ಅಲ್ಲಿಯ ಜಮ್ಮಿ ವೆಂಕಟರಮಣಯ್ಯನವರ ಲಿವರ್ ಔಷಧಿ ದಕ್ಷಿಣದಲ್ಲೆಲ್ಲ ಹೆಸರಾಗಿದ್ದಿತು.

ಆರೋಗ್ಯವಂತ ಯಕೃತ್ತಿನ ಒಂದು ತೆಳ್ಳನೆಯ ಪದರವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಜೀವಕೋಶಗಳು ಸಾಲುಸಾಲಾಗಿ, ಒಪ್ಪವಾಗಿ ಕಾಣುತ್ತವೆ. ಸಾಲುಗಳ ನಡುವೆ ರಕ್ತ ಹರಿಯಲು ಕಿರಿದಾದ ಓಣಿಗಳು. ಈ ಕಾಯಿಲೆಯಲ್ಲಿ ಆ ಒಪ್ಪವೆಲ್ಲ ಕದಡಿಹೋಗಿರುತ್ತದೆ. ಕೋಶಗಳು ನೆನೆಸಿದ ಅವರೆಕಾಳಿನಂತೆ ಊದಿಕೊಂಡು ಬಿಳಿಚಿರುತ್ತವೆ. ಕೋಶದ ಒಳಗೆ, ಕೋಶಕೇಂದ್ರದ ಬಳಿ, ಹುರಿಗಟ್ಟಿದ ಗುಲಾಬಿ ಬಣ್ಣದ ಗಂಟುಗಳು. ಕೋಶದ ಆಕಾರವನ್ನು ಹಿಡಿದು ನಿಲ್ಲಿಸುವ ಎಳೆಗಳೇ ಸಿಕ್ಕುಗಟ್ಟಿ ಈ ಗಂಟುಗಳಾಗುತ್ತವೆ. ಅಮೆರಿಕದ ಮ್ಯಾಲರಿ ಎಂಬ ವಿಜ್ಞಾನಿ 1911ರಲ್ಲಿ ಇವನ್ನು ವರ್ಣಿಸಿದ್ದು ಮದ್ಯಪಾನದಿಂದ ಕೆಟ್ಟ ಯಕೃತ್ತುಗಳಲ್ಲಿ. ಕುಡುಕನ ಯಕೃತ್ತಿನ ಗುರುತು ಹಾಲುಗಲ್ಲದ ಹಸುಳೆಯಲ್ಲಿ ಕಾಣಬೇಕೆ!

ಇಷ್ಟಕ್ಕೇ ಮುಗಿಯಲಿಲ್ಲ. ನಾರಿನ ಎಳೆಗಳು ಒಂದೊಂದು ಕೋಶವನ್ನೂ, ಎರಡು ಮೂರು ಕೋಶಗಳ ಗುಂಪನ್ನೂ ಬಳಸಿ ಬೇಲಿ ಹಾಕುತ್ತವೆ. ಗಾಯಗೊಂಡ ಯಕೃತ್ತಿಗೆ ಮತ್ತೆ ಚಿಗುರುವ ಶಕ್ತಿಯುಂಟು. ಇಲ್ಲಿ ಆ ಚಿಗುರಿನ ಸುಳಿವೇ ಅಪರೂಪ.

1978ರಲ್ಲಿ ಹೊಸದೊಂದು ಸುಳಿವು ಸಿಕ್ಕಿತು. ಇಂಥ ಯಕೃತ್ತಿನ ತುಣುಕುಗಳಿಗೆ ಓರ್ಸೀನ್ ಎಂಬ ಬಣ್ಣವನ್ನು ಹಾಕಿದಾಗ ಕೋಶಗಳ ತುಂಬ ಕಡುಕಂದು ಕಣಗಳು ಎದ್ದು ಕಂಡವು. ಅವು ತಾಮ್ರವನ್ನು ಬಿಗಿದಿಟ್ಟುಕೊಂಡ ಪ್ರೋಟೀನಿನ ಕಣಗಳು. ಮರುವರ್ಷ ಲಂಡನ್ನಿನ ಹಾಗೂ ಪುಣೆಯ ವೈದ್ಯರು ಕೂಡಿ ತಾಮ್ರವನ್ನು ಅಳೆದರು. ಒಂದು ಗ್ರಾಂ ಒಣ ಯಕೃತ್ತಿನಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಮಿಗಿಂತ ಕಡಿಮೆ ಇರಬೇಕಾದ ತಾಮ್ರ ಈ ಮಕ್ಕಳಲ್ಲಿ ನೂರಾರು, ಹಲವೆಡೆ ಸಾವಿರಕ್ಕೂ ಮೀರಿದ ಮೈಕ್ರೋಗ್ರಾಮುಗಳಷ್ಟಿದ್ದಿತು.

ತಾಮ್ರ ಬಂದದ್ದಾದರೂ ಎಲ್ಲಿಂದ? 1983ರಲ್ಲಿ ಅನುಮಾನ ಅಡುಗೆಮನೆಯತ್ತ ತಿರುಗಿತು. ಕಲಾಯಿಯಿಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ, ಅದರಲ್ಲೇ ಇಟ್ಟ ಹಸುವಿನ ಅಥವಾ ಎಮ್ಮೆಯ ಹಾಲು ತಾಮ್ರವನ್ನು ಸೆಳೆದುಕೊಳ್ಳುತ್ತದೆ. ಹಾಲಿನ ಕೇಸೀನ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಕಿಲುಬಿದರೆ ನಾಲಗೆಗೆ ಒಡನೆ ತಿಳಿಯುವುದು. ಹಾಲು ಅಂಥ ಎಚ್ಚರಿಕೆ ಕೊಡದು. ತಾಯಿಯ ಮೊಲೆಹಾಲಿನಲ್ಲಾದರೋ ತಾಮ್ರ ಅತ್ಯಲ್ಪ. ಹುಟ್ಟುವಾಗಲೇ ಶಿಶುವಿನ ಯಕೃತ್ತಿನಲ್ಲಿ ತಾಮ್ರದ ದಾಸ್ತಾನು ಇರುತ್ತದೆ. ಪಿತ್ತದ ಮೂಲಕ ಅದನ್ನು ಹೊರಹಾಕುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೀಗಾಗಿ ಮೊಲೆಹಾಲು ಬೇಗ ಬಿಡಿಸಿ ತಪ್ಪಲೆಯ ಹಾಲಿಗೆ ಹಾಕಿದ ಕೂಸಿಗೇ ಹೆಚ್ಚಿನ ಅಪಾಯ.

ಇದು ನಮ್ಮ ದೇಶಕ್ಕಷ್ಟೇ ಸೇರಿದ ಕಥೆಯಲ್ಲ. ಆಸ್ಟ್ರಿಯದ ಟಿರೋಲ್ ಬೆಟ್ಟಸೀಮೆಯಲ್ಲಿ 1900ರಿಂದ 1974ರ ನಡುವೆ 138 ಶಿಶುಗಳು ಇಂಥದೇ ರೋಗಕ್ಕೆ ತುತ್ತಾದುವು. ಅಲ್ಲಿಯೂ ಕೂಸಿಗೆ ಹಾಲು ಕಾಯಿಸುತ್ತಿದ್ದುದು ಕಲಾಯಿಯಿಲ್ಲದ ತಾಮ್ರದ ಪಾತ್ರೆಗಳಲ್ಲಿ. ಪಾತ್ರೆ ಬದಲಾಯಿತು, ರೋಗ ತೊಲಗಿತು. ಆದರೂ ತಾಮ್ರದ ಪಾತ್ರೆಯ ಹಾಲು ಕುಡಿದ ಮಕ್ಕಳೆಲ್ಲರಿಗೂ ರೋಗ ತಗಲಲಿಲ್ಲ. ಆದುದರಿಂದ ಕೆಲವು ವಂಶಗಳಲ್ಲಿ ತಾಮ್ರವನ್ನು ತಾಳಿಕೊಳ್ಳುವ ಬಲ ಕಡಿಮೆಯಿದ್ದಿರಬೇಕೆಂದು ಹಲವು ತಜ್ಞರ ಮತ. ಹಿರಿಯರ ಊಹೆ ಅಷ್ಟರಮಟ್ಟಿಗೆ ಪೂರ್ತಿ ಸುಳ್ಳಲ್ಲ.

ತಾಮ್ರವನ್ನು ದೇಹದಿಂದ ಹೊರಸೆಳೆಯುವ ಪೆನಿಸಿಲಮೀನ್ ಔಷಧಿಯನ್ನು ರೋಗ ಬಲಿಯುವ ಮುನ್ನವೇ ಕೊಟ್ಟಾಗ ಕೆಲವು ಮಕ್ಕಳು ಬದುಕಿದರು. ಅದಕ್ಕಿಂತ ಹೆಚ್ಚು ಮಕ್ಕಳನ್ನು ಉಳಿಸಿದ್ದು ಸ್ಟೀಲಿನ ಪಾತ್ರೆ. ಕಲಾಯಿಯವನ ಕೂಗು ಬೀದಿಯಿಂದ ಮರೆಯಾದ ಕಾಲದಲ್ಲೇ ಈ ರೋಗವೂ ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮಕ್ಕಳ ಆಸ್ಪತ್ರೆಗಳಲ್ಲಿ ಅಪರೂಪವಾಯಿತು.

ಇಂದು ತಾಮ್ರ ಹಿತ್ತಾಳೆಗಳು ಮತ್ತೆ ಅಂಗಡಿಗಳಲ್ಲಿ ಹೊಳೆಯುತ್ತಿವೆ. ಅಜ್ಜಿಯ ತಪ್ಪಲೆಯನ್ನು ಅಟ್ಟದಿಂದ ಇಳಿಸಿ ಬೆಳಗುವುದು ಸಂತೋಷದ ಸಂಗತಿಯೇ. ಆದರೆ ಮನೆಯಲ್ಲಿ ಹಸುಗೂಸಿದ್ದರೆ ಅದರ ಹಾಲು ಆ ತಪ್ಪಲೆಗೆ ಬೀಳದಿರಲಿ.