ಎರಡು ಕಿವಿಯ ಮೈಕು

ಕಣ್ಣು ಮುಚ್ಚಿದರೂ ಗೌಜಲಹಕ್ಕಿ ಎಡಗಡೆಯ ತೊಗರಿ ಹೊಲದಲ್ಲಿ ಕೂಗಿತೆಂದು ನೀವು ಹೇಳಬಲ್ಲಿರಿ. ಹೇಗೆ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಡಗಿವಿ ಮುಟ್ಟಿದ ಶಬ್ದ ಬಲಗಿವಿಗೆ ತಲುಪುವುದು ಕೊಂಚ ತಡವಾಗಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ತಡ. ತಲೆ ಅಡ್ಡ ಬಂದು ದನಿ ತುಸು ತಗ್ಗುತ್ತದೆ ಕೂಡ. ಮಿದುಳಿಗೆ ಇಷ್ಟು ಸುಳಿವು ಸಾಕು. ಒಂದೇ ಮೈಕಿನಲ್ಲಿ ಈ ಸುಳಿವು ಉಳಿಯದು. ಅದಕ್ಕೇ ಸ್ಟೀರಿಯೋಗೆ ಎರಡು ಬೇಕು.

ಆಳಂದ ತಾಲ್ಲೂಕಿನ ಮಟಕಿಯಂಥ ಊರಿನ ಶಾಲೆ ಕಡಿಮೆ ಹಣದಲ್ಲಿ ಯಾವುದನ್ನು ಕೊಳ್ಳಬೇಕು? ಪ್ರತಿ ಮೈಕಿಗೂ ತನ್ನದೇ ‘ಸುಯ್’ ಸದ್ದಿರುತ್ತದೆ. ಭಾಷಣಕ್ಕೆ ಅದು ಅಡ್ಡಿಯಲ್ಲ. ನಸುಕಿನ ಹೊಲದಲ್ಲಾದರೆ ದೂರದ ಹಕ್ಕಿಯ ದನಿಯನ್ನೇ ನುಂಗುತ್ತದೆ. ವಿವರಪತ್ರದಲ್ಲಿ ಈ ಸ್ವಂತ ಸದ್ದು 15 ಡೆಸಿಬೆಲ್ ಆಸುಪಾಸಿದ್ದರೆ ಉತ್ತಮ, 30 ಇದ್ದರೆ ಬೇಡ. ಹೊಳೆಯುವ ಜಾಲರಿಗೆ ಮರುಳಾಗಬೇಡಿ! ಅಂಗಿಯ ಗುಂಡಿಯಷ್ಟೇ ಇರುವ ಎಲೆಕ್ಟ್ರೆಟ್ ಮೈಕುಗಳಲ್ಲೂ ಒಳ್ಳೆಯವಿವೆ. ಅಂಥ ಎರಡನ್ನು ಸುಮಾರು 17 ಸೆಂ.ಮೀ. ಅಂತರದಲ್ಲಿ, ನಡುವೆ ಹಲಗೆ ನಿಲ್ಲಿಸಿ ಕಟ್ಟಬಹುದು. ಅವಕ್ಕೆ ವಿದ್ಯುತ್ ಒದಗಿಸುವ ಸ್ಟೀರಿಯೋ ರೆಕಾರ್ಡರೇ ಬೇಕು, ಅಂಗಡಿಯಲ್ಲೇ ಕೇಳಿಕೊಳ್ಳಿ.

ಇನ್ನು ನಮ್ಮ ಬಯಲಿನ ಆಷಾಢದ ಗಾಳಿ. ಅದು ಮೈಕಿನ ಪೊರೆಗೆ ಬಡಿದರೆ ಬರೀ ಗುಡುಗು. ಸ್ಪಂಜು ತೊಡಿಸಿ, ಮೇಲೆ ಹಳೆಯ ಗೊಂಬೆಯ ಉದ್ದಕೂದಲಿನ ಬಟ್ಟೆ ಹೊದಿಸಿ. ಎಳೆಗಳು ಗಾಳಿಯ ವೇಗ ಮುರಿದು ಶಬ್ದವನ್ನು ಒಳಬಿಡುತ್ತವೆ. ಕಂಬಳಿ ಬೇಡ, ಅದರ ಒತ್ತು ನೇಯ್ಗೆ ಹಕ್ಕಿಯ ಕೀರಲು ದನಿಯನ್ನೂ ತಡೆಯುತ್ತದೆ.