ಮದುವೆಯ ಔತಣ

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಮದುವೆಯೊಂದು ನಡೆದುಹೋದರೆ ಆಡಿದ ಸುಳ್ಳುಗಳೆಲ್ಲ ತಾವಾಗಿಯೇ ಮರೆತುಹೋಗುವುವೆಂದು ಹಿರಿಯರು ಎಣಿಸಿದ್ದಿರಬೇಕು. ಆದರೆ ಮದುವೆಯೇ ಸುಳ್ಳಾದರೆ ಗತಿಯೇನು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ನೋಡುವವರನ್ನು ನಗಿಸುತ್ತಲೇ ಅವರ ಕಣ್ಣನ್ನು ತೇವಗೊಳಿಸುವ ಚಲಚ್ಚಿತ್ರವೊಂದುಂಟು. ತೈವಾನ್ ದ್ವೀಪದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಆಂಗ್ ಲೀ ಎಂಬ ನಿರ್ದೇಶಕರು ೧೯೯೩ರಲ್ಲಿ ಹೊರತಂದ ಅದರ ಹೆಸರು ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’, ಎಂದರೆ ಮದುವೆಯ ಔತಣ. ಗಂಡಸರಿಬ್ಬರ ಪ್ರೇಮವು ಅದರ ವಸ್ತು. ಆದರೂ ಅದು ತಂದೆತಾಯಿಗಳುಳ್ಳ ಪ್ರತಿಯೊಬ್ಬರಿಗೂ ಸಂಬಂಧಿಸಿದ ಕಥೆಯೇ ಸರಿ.

ಕಥಾನಾಯಕನಾದ ವೈ-ಟುಂಗ್ ಗಾವೋ ತೈವಾನಿನವನು. ನ್ಯೂಯಾರ್ಕ್ ನಗರದಲ್ಲಿ ಮನೆಗಳನ್ನು ಬಾಡಿಗೆಗೆ ಕೊಟ್ಟು ಚೆನ್ನಾಗಿ ಸಂಪಾದಿಸುತ್ತಿರುವನು. ಸೈಮನ್ ಎಂಬ ಅಮೆರಿಕದ ಯುವಕನೊಡನೆ ಅವನ ಸಂಸಾರ. ಇದನ್ನರಿಯದ ತಾಯಿ ಊರಿನಿಂದ ತನ್ನ ಮಾತುಗಳನ್ನೇ ಧ್ವನಿಸುರುಳಿಯಲ್ಲಿ ತುಂಬಿ ಕಳುಹಿಸುತ್ತಾಳೆ. ಎಲ್ಲದರಲ್ಲಿಯೂ ಮದುವೆಯ ಮಾತೇ. ತಂದೆ ಸೇನೆಯಿಂದ ನಿವೃತ್ತರಾದ ವೃದ್ಧರು; ದೇಹಸ್ಥಿತಿ ಚೆನ್ನಾಗಿಲ್ಲ; ಮೊಮ್ಮಗನ ಮುಖ ನೋಡಬೇಕೆಂಬುದೊಂದೇ ಆಸೆ. ವೈ-ಟುಂಗನ ಬಾಡಿಗೆಯ ಮನೆಯೊಂದರಲ್ಲಿ ಚೀನದ ಬಡ ಚಿತ್ರಕಾರ್ತಿ ವೇ-ವೇ ಇರುವಳು. ಅಮೆರಿಕೆಯಲ್ಲಿ ಉಳಿಯಲು ಅವಳಿಗೆ ಸರಕಾರದ ಅಪ್ಪಣೆ ಬೇಕು. ಇವರಿಬ್ಬರೂ ಹೆಸರಿಗೆ ಮಾತ್ರ ಮದುವೆಯಾದರೆ ಎಲ್ಲರ ತೊಡಕೂ ಬಿಡುವುದೆಂದು ಉಪಾಯ ಸೂಚಿಸಿದವನು ಸೈಮನ್ನನೇ.

ತಂದೆತಾಯಿಗಳು ಮದುವೆಯ ವೆಚ್ಚಕ್ಕೆಂದು ಹಣ ಕಟ್ಟಿಕೊಂಡು ಸಮುದ್ರ ದಾಟಿ ಬರುತ್ತಾರೆ. ನಗರದ ಕಚೇರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದ ಬೋಳು ಮದುವೆಯನ್ನು ಕಂಡು ತಾಯಿ ಅಳುತ್ತಾಳೆ. ಅಂದು ಊಟಕ್ಕೆ ಹೋದ ಭೋಜನಶಾಲೆಯ ಒಡೆಯನು ಹಿಂದೆ ಸೇನೆಯಲ್ಲಿ ಈ ತಂದೆಯ ಕೈಕೆಳಗೆ ದುಡಿದವನು. ತನ್ನ ಅಧಿಕಾರಿಯ ಮಗನ ಮದುವೆ ಹೀಗೆ ಕಳೆಯಬಾರದೆಂದು ಅವನೇ ಮುಂದೆ ನಿಂತು ಭಾರಿ ಔತಣವನ್ನು ಏರ್ಪಡಿಸುತ್ತಾನೆ. ಕುಡಿತ, ಕೂಗಾಟ, ವಧೂವರರನ್ನು ಪೀಡಿಸುವ ಆಟಗಳ ನಡುವೆ ಆ ರಾತ್ರಿ ಕಳೆಯುವಷ್ಟರಲ್ಲಿ, ಹೆಸರಿಗೆ ಮಾತ್ರ ಹೆಂಡತಿಯಾಗಬೇಕಾಗಿದ್ದ ವೇ-ವೇ ಗರ್ಭವತಿಯಾಗುತ್ತಾಳೆ.

ಇಲ್ಲಿಂದ ಮುಂದೆ ನಗೆಯು ಮೆಲ್ಲಗೆ ಇಳಿಯುತ್ತದೆ. ಮನೆಯಲ್ಲಿ ಅಡಿಗೆ ಮಾಡುವವನು ಸೈಮನ್, ಹೊಗಳಿಕೆ ಸೊಸೆಗೆ. ತನ್ನದೇ ಮನೆಯಲ್ಲಿ ಅವನು ಮನೆಯ ಮಾಲಿಕನೆಂಬ ಸುಳ್ಳು ಪರಿಚಯದಲ್ಲಿ ದಿನ ಕಳೆಯಬೇಕು. ಗರ್ಭದ ಸುದ್ದಿ ತಿಳಿದ ದಿನ ಮೂವರಿಗೂ ಜಗಳವಾಗುತ್ತದೆ; ಹಿರಿಯರಿಗೆ ತಿಳಿಯದೆಂಬ ಧೈರ್ಯದಿಂದ ಅವರ ಎದುರಿನಲ್ಲಿಯೇ ಇಂಗ್ಲಿಷಿನಲ್ಲಿ ಕೂಗಾಡುತ್ತಾರೆ. ತಂದೆಗೆ ಲಘುವಾದ ಪಾರ್ಶ್ವವಾಯು ಬಡಿದಾಗ, ಆಸ್ಪತ್ರೆಯಲ್ಲಿ ವೈ-ಟುಂಗನು ತಾಯಿಗೆ ನಿಜವನ್ನು ಹೇಳಿಬಿಡುತ್ತಾನೆ. ಸೈಮನ್ನನು ನಿನ್ನನ್ನು ದಾರಿ ತಪ್ಪಿಸಿದನೇ ಎಂದು ಆಕೆ ಕೇಳಿದರೆ, ಯಾರೂ ತಪ್ಪಿಸಲಿಲ್ಲ, ತನ್ನ ಹುಟ್ಟೇ ಹೀಗೆ ಎಂಬುದು ಅವನ ಉತ್ತರ. ಬಹುಕಾಲ ಬಚ್ಚಿಟ್ಟುಕೊಂಡ ತನ್ನನ್ನು ತಾನೇ ಒಪ್ಪಿಕೊಂಡ ಗಳಿಗೆ ಅದು. ತಾಯಿ ಅತ್ತು, ಕಡೆಗೆ ಒಂದೇ ಮಾತನ್ನು ಬೇಡುತ್ತಾಳೆ: ತಂದೆಗೆ ಮಾತ್ರ ಇದು ತಿಳಿಯಕೂಡದು.

ಆದರೆ ತಂದೆಗೆ ಮೊದಲೇ ತಿಳಿದಿದೆ! ಚೀನೀಯರಲ್ಲಿ ಶುಭಸಂದರ್ಭಗಳಲ್ಲಿ ಹಿರಿಯರು ಕಿರಿಯರಿಗೆ ಕೆಂಪು ಲಕೋಟೆಯಲ್ಲಿ ಹಣವಿಟ್ಟು ಹರಸುವುದು ವಾಡಿಕೆ. ಒಂದು ದಿನ ಆ ವೃದ್ಧರು ಸೈಮನ್ನನ ಹುಟ್ಟುಹಬ್ಬಕ್ಕೆಂದು ಅಂತಹ ಲಕೋಟೆಯೊಂದನ್ನು ಅವನ ಕೈಗಿಡುತ್ತಾರೆ. ಅವರಿಗೆ ಇಂಗ್ಲಿಷು ತಿಳಿಯುವುದು. ಕಣ್ಣಿಂದ ಕಂಡೂ ಇದ್ದಾರೆ. ಸೈಮನ್ನನೂ ತಮಗೆ ಮಗನೇ ಎಂದು ಒಪ್ಪಿ, ಇದನ್ನು ಮಡದಿಗೂ ಮಗನಿಗೂ ಹೇಳಬೇಡವೆಂದು ಮಾತು ತೆಗೆದುಕೊಳ್ಳುತ್ತಾರೆ. ಈ ಸುಳ್ಳನ್ನು ತಾವು ನಡೆಯಗೊಡದಿದ್ದರೆ ಮೊಮ್ಮಗು ದೊರೆಯುತ್ತಿತ್ತೆ ಎಂಬುದು ಅವರ ವಾದ. ತಾರುಣ್ಯದಲ್ಲಿ ಅವರು ಸೇನೆಗೆ ಸೇರಿದ್ದೇ ತಂದೆ ಗೊತ್ತುಮಾಡಿದ ಮದುವೆಯಿಂದ ತಪ್ಪಿಸಿಕೊಳ್ಳುವುದಕ್ಕೆ. ಆಮೇಲೆ ಮನೆಯವರಲ್ಲಿ ಯಾರೂ ಉಳಿಯಲಿಲ್ಲ. ವಂಶ ಬೆಳೆಯಲೆಂಬ ಹಂಬಲವು ಅವರಲ್ಲಿ ಬರಿಯ ಹಠವಲ್ಲ, ತೀರದೆ ಉಳಿದ ಪಿತೃಋಣ.

ಹೀಗೆ ಪ್ರತಿಯೊಬ್ಬರೂ ಮತ್ತೊಬ್ಬರ ಮನಸ್ಸು ನೋಯದಿರಲೆಂದು ಬಾಯಿ ಕಟ್ಟಿಕೊಂಡಿದ್ದಾರೆ. ಒಂದೇ ಸೂರಿನ ಕೆಳಗೆ ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಗುಟ್ಟು. ಇದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಆ ಮೌನದ ಬೆಲೆಯನ್ನು ತೆತ್ತವರು ಯಾರು? ಕಟ್ಟಿಕೊಂಡವನ ಮನೆಯಲ್ಲಿಯೇ ಪರಕೀಯನಾಗಿ ನಿಂತ ಸೈಮನ್. ಬೇಡದ ಮದುವೆಯಲ್ಲಿ ತನ್ನ ಬಾಳನ್ನು ತೊಡಗಿಸಿ, ಕಡೆಗೆ ಮಗುವನ್ನು ಹೆರುವೆನೆಂದು ತಾನೇ ನಿರ್ಧರಿಸಿದ ವೇ-ವೇ. ಮಗನು ಹೆದರಿದ್ದು ತಂದೆತಾಯಿಗಳ ಹೃದಯ ಒಡೆದೀತೆಂದು. ಆ ಹೃದಯಗಳಾದರೋ ಅವನು ಬಗೆದುದಕ್ಕಿಂತ ಗಟ್ಟಿಯಾಗಿದ್ದುವು. ಹಿರಿಯರನ್ನು ದುರ್ಬಲರೆಂದು ತಿಳಿಯುವುದೂ ಒಂದು ಬಗೆಯ ಅಗೌರವವಲ್ಲವೆ?

ಈ ಚಿತ್ರವು ೧೯೯೩ರ ಬರ್ಲಿನ್ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ಪಾರಿತೋಷಕವಾದ ‘ಸುವರ್ಣ ಕರಡಿ’ಯನ್ನು ಚೀನದ ಮತ್ತೊಂದು ಚಿತ್ರದೊಡನೆ ಹಂಚಿಕೊಂಡಿತು. ತಂದೆಮಕ್ಕಳ ಸಂಬಂಧವನ್ನು ಕುರಿತು ಆಂಗ್ ಲೀ ತೆಗೆದ ಮೂರು ಚಿತ್ರಗಳಲ್ಲಿ ಇದು ನಡುವಿನದು. ಮೂರರಲ್ಲಿಯೂ ತಂದೆಯ ಪಾತ್ರವನ್ನು ವಹಿಸಿದವರು ಸಿಹುಂಗ್ ಲುಂಗ್. ಅಂದಿನಿಂದ ಲೋಕವೂ ನಡೆದುಬಂದಿದೆ. ತೈವಾನಿನ ಸಂವಿಧಾನ ನ್ಯಾಯಾಲಯವು ೨೦೧೭ನೆಯ ಮೇ ೨೪ರಂದು ಇಂತಹ ಜೋಡಿಗಳಿಗೂ ವಿವಾಹದ ಹಕ್ಕುಂಟೆಂದು ತೀರ್ಪಿತ್ತಿತು. ಎರಡು ವರ್ಷಗಳ ತರುವಾಯ, ೨೦೧೯ನೆಯ ಮೇ ೨೪ರಂದು, ಅದಕ್ಕೆ ತಕ್ಕ ಕಾನೂನು ಜಾರಿಗೆ ಬಂದಿತು. ಏಷ್ಯಾ ಖಂಡದಲ್ಲಿ ಇದೇ ಮೊದಲು. ಇಂದಿನ ವೈ-ಟುಂಗನು ಸೈಮನ್ನನ ಕೈಹಿಡಿದು ತನ್ನ ಊರಿನಲ್ಲಿಯೇ ಮದುವೆಯನ್ನು ದಾಖಲು ಮಾಡಿಸಬಹುದು.

ಆದರೆ ಕಾನೂನು ತೆರೆಯುವುದು ಕಚೇರಿಯ ಬಾಗಿಲನ್ನು. ಮನೆಯ ಬಾಗಿಲನ್ನು ಮನೆಯವರೇ ತೆರೆಯಬೇಕು. ಚಿತ್ರದ ಕಡೆಯಲ್ಲಿ ಊರಿಗೆ ಹೊರಟ ತಂದೆಯು ವಿಮಾನನಿಲ್ದಾಣದ ತಪಾಸಣೆಯಲ್ಲಿ ಎರಡು ಕೈಗಳನ್ನೂ ನಿಧಾನವಾಗಿ ಮೇಲೆತ್ತುತ್ತಾರೆ. ಅದು ಸೋತವನ ಶರಣಾಗತಿಯೋ, ಹೊರೆಯನ್ನಿಳಿಸಿದವನ ನೆಮ್ಮದಿಯೋ ಹೇಳುವುದು ಕಷ್ಟ. ಮಕ್ಕಳು ಗುಟ್ಟನ್ನು ಹೊತ್ತು ದೂರ ನಿಂತಿರುವ ಮನೆಗಳಲ್ಲಿ ಮೊದಲ ಮಾತನ್ನು ಹಿರಿಯರೇ ಆಡಬಹುದೆಂಬುದಷ್ಟೇ ಆ ಕೆಂಪು ಲಕೋಟೆಯಿಂದ ನಾವು ಕಲಿಯಬಹುದಾದ ಪಾಠ. ತಂದೆಯು ಅದನ್ನು ಕೊಟ್ಟರು. ಮಗನ ಎದುರಿಗೇ ಕೊಟ್ಟಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.