ಹರಡೂ ನಡಿಗೆಯೂ

ಕಣಕಾಲು ಪಾದವನ್ನು ಕೂಡುವ ಗಂಟಿಗೆ ಕನ್ನಡದಲ್ಲಿ ‘ಹರಡು’ ಎಂದು ಹೆಸರು. ಹಳಗನ್ನಡದ ‘ಪರಡು’ ಶಬ್ದದ ಪಕಾರವು ಹಕಾರವಾಗಿ ಹೀಗಾಯಿತು; ತಮಿಳಿನಲ್ಲಿ ಅದು ಪರಡಾಗಿಯೇ ಉಳಿದಿದೆ. ನನ್ನ ವಿದ್ಯಾರ್ಥಿಗಳಿಗೆ ಹರಡುವುದೆಂದರೆ ಚಾಪೆಯನ್ನೋ ಸುದ್ದಿಯನ್ನೋ ಹರಡುವುದು ಮಾತ್ರ. ಅವರನ್ನು ದೂರಲಾರೆ. ನೋಯದ ಅಂಗದ ಹೆಸರು ಯಾರಿಗೆ ನೆನಪಿರುತ್ತದೆ?

ನನಗೆ ನೆನಪಿರುವುದಕ್ಕೆ ಕಾರಣವುಂಟು. ಹದಿನೈದು ವರ್ಷಗಳ ಹಿಂದೆ ಮುರಿದ ಬಲಗಾಲಿನ ಮೂಳೆ ಕೂಡಿಕೊಂಡಿತಾದರೂ ಕೀಲಿನೊಳಗಿನ ಮೃದ್ವಸ್ಥಿ ವರ್ಷವರ್ಷಕ್ಕೂ ಸವೆಯುತ್ತ ಬಂದು, ತರಗತಿಯಲ್ಲಿ ಒಂದು ಗಂಟೆ ನಿಂತು ಪಾಠ ಹೇಳುವುದೇ ತಪಸ್ಸಾಯಿತು. ವೈದ್ಯರು ಎರಡು ದಾರಿ ತೋರಿಸಿದರು. ಒಂದು, ಕೃತಕ ಕೀಲು. ಫ್ರಾನ್ಸಿನ ಲಾರ್ಡ್ ಮತ್ತು ಮರೋಟ್ ಎಂಬವರು 1970ರಲ್ಲಿ ಮೊದಲು ಕೂಡಿಸಿದ್ದು. ಇನ್ನೊಂದು, ಸವೆದ ಮೂಳೆಗಳನ್ನು ತಿರುಪುಗಳಿಂದ ಬಿಗಿದು ಒಂದಾಗಿ ಬೆಸೆಯುವುದು. ಇದು ಇನ್ನೂ ಹಳೆಯ ಉಪಾಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಸ್ಟ್ರಿಯದ ಎಡುವರ್ಡ್ ಆಲ್ಬರ್ಟ್ ಎಂಬ ಶಸ್ತ್ರವೈದ್ಯ ನಡೆಸಿದ್ದು. ಲೋಹವೂ ಪ್ಲಾಸ್ಟಿಕ್ಕೂ ಸವೆಯುತ್ತವೆ; ನಲವತ್ತು ದಾಟಿದವನಿಗೆ ಇನ್ನೂ ಬಹಳ ನಡೆಯುವುದಿದೆ; ಆದ್ದರಿಂದ ಎರಡನೆಯದೇ ಮೇಲೆಂದರು. “ನೋವು ಹೋಗುತ್ತದೆ, ಜೊತೆಗೆ ಚಲನೆಯೂ ಹೋಗುತ್ತದೆ” ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ಕುಕ್ಕರುಗಾಲಲ್ಲಿ ಕೂತ್ಕೊಳ್ಳೋಕೆ ಆಗತ್ತೇನೋ?” ಆಗುವುದಿಲ್ಲವೆಂದೆ. ಆಕೆ ಸುಮ್ಮನಾದರು.

ನಡಿಗೆಯೆಂಬುದು ಎಷ್ಟು ಸೂಕ್ಷ್ಮವಾದ ವ್ಯಾಪಾರವೆಂಬುದು ಆಮೇಲೆ ತಿಳಿಯಿತು. ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಅಂಗಾಲು ಮೆಲ್ಲನೆ ಇಳಿಯುತ್ತದೆ. ನೆಲಕ್ಕೂರಿದ ಪಾದದ ಮೇಲೆ ಕಣಕಾಲು ಮುಂದಕ್ಕೆ ಬಾಗಿ ಸಾಗುತ್ತದೆ. ಬಳಿಕ ಹಿಮ್ಮಡಿ ಎದ್ದು ಬೆರಳುಗಳು ನೆಲವನ್ನು ಹಿಂದಕ್ಕೆ ಒದೆಯುತ್ತವೆ. ಸಮನೆಲದ ನಡಿಗೆಯಲ್ಲಿ ಹರಡು ಮೇಲಕ್ಕೆ ಸುಮಾರು 10 ಡಿಗ್ರಿ, ಕೆಳಕ್ಕೆ 15ರಿಂದ 20 ಡಿಗ್ರಿ ಬಾಗಿದರೆ ಸಾಕು. ಇಷ್ಟಕ್ಕೂ ತಿರುಗಣಿಯಾಗಿರುವ ಟೇಲಸ್ ಎಂಬ ಚಿಕ್ಕ ಮೂಳೆಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲವೆಂಬುದು ಸೋಜಿಗ. ಮೇಲಿನವರ, ಕೆಳಗಿನವರ ಒತ್ತಡವನ್ನು ಹೊತ್ತುಕೊಂಡು ಅದು ನಡುವೆ ನಿಂತಿದೆ, ಮಧ್ಯಮವರ್ಗದ ಗೃಹಸ್ಥನಂತೆ.

ಆ ತಿರುಗಣಿಯನ್ನು ಬಂಧಿಸಿದ ಮೇಲೆ ಅದರ ಕೆಲಸವನ್ನು ಪಾದದ ನಡುಭಾಗದ ಸಣ್ಣಪುಟ್ಟ ಕೀಲುಗಳು ಅಷ್ಟಿಷ್ಟು ಹಂಚಿಕೊಳ್ಳುತ್ತವೆ. ಹಿಮ್ಮಡಿ ಬೇಗ ಏಳುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಇಂಥ ರೋಗಿಗಳ ನಡಿಗೆಯನ್ನು ಅಳೆದು 1979ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದಿದೆ: ತಕ್ಕ ಪಾದರಕ್ಷೆ ಇದ್ದರೆ ನಡಿಗೆ ಚೆನ್ನಾಗಿಯೇ ಇರುತ್ತದೆ, ಬರಿಗಾಲಿನಲ್ಲಿ ಮಾತ್ರ ಊನ ಕಾಣುತ್ತದೆ. ಆ ದೇಶದವರಿಗೆ ಇದು ಸಮಾಧಾನದ ಮಾತು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮಗೆ? ಬೀದಿಯಲ್ಲಿ ನೆಟ್ಟಗೆ ನಡೆದುಬಂದ ನಾನು ಮನೆಯೊಳಗೆ ಕುಂಟುತ್ತೇನೆ. ಜೈಪುರದ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಅವರು 1960ರ ದಶಕದ ಕೊನೆಗೆ ರಬ್ಬರಿನ ಕೃತಕಪಾದವನ್ನು ರೂಪಿಸಿದಾಗ, ಬರಿಗಾಲಲ್ಲಿ ನಡೆಯುವ, ಕುಕ್ಕರಿಸಿ ಕೂರುವ ನಮ್ಮ ಜನರನ್ನೇ ಕಣ್ಣೆದುರಿಗೆ ಇಟ್ಟುಕೊಂಡಿದ್ದರು. ಕಾಲು ಕಳೆದುಕೊಂಡವನು ಆ ಪಾದದಿಂದ ಕುಕ್ಕರಿಸಿ ಕೂರಬಲ್ಲ, ಕಾಲಿರುವ ನಾನು ಕೂರಲಾರೆ!

ನಾನಿರುವ ಹೊಸಕೆರೆಹಳ್ಳಿ ಹೆಸರೇ ಹೇಳುವಂತೆ ಕೆರೆಯ ಊರು. ಕೆರೆಯೆಂದ ಮೇಲೆ ತಗ್ಗು, ತಗ್ಗೆಂದ ಮೇಲೆ ಇಳಿಜಾರು. ಕಣ್ಣಿಗೆ ಕಾಣದಷ್ಟು ಏರು ಕೂಡ ಈಗ ನನ್ನ ಮೊಣಕಾಲಿಗೆ ಗೊತ್ತಾಗುತ್ತದೆ. ಬೀದಿಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ನನ್ನ ಬೂಟಿನ ಅಡಿಯನ್ನು ತಿರುಗಿಸಿ ನೋಡಿ, “ಬಲಗಾಲು ಮಡಚಲ್ಲ, ಅಲ್ವಾ ಸಾರ್?” ಎಂದರು. ಬೆರಳ ಕಡೆಯ ಅಟ್ಟೆಯನ್ನು ದೋಣಿಯ ಮೂತಿಯಂತೆ ಮೇಲಕ್ಕೆತ್ತಿ ಕೊಟ್ಟರು. ಉರುಳುವ ಅಟ್ಟೆಯೆಂದು ವೈದ್ಯರು ಬರೆದುಕೊಟ್ಟದ್ದೂ ಅದನ್ನೇ. ಚೀಟಿ ನನ್ನ ಜೇಬಿನಲ್ಲೇ ಇತ್ತು, ತೋರಿಸುವ ಅಗತ್ಯವೇ ಬೀಳಲಿಲ್ಲ.

ಸುಶ್ರುತಸಂಹಿತೆ ಎಣಿಸುವ 107 ಮರ್ಮಗಳಲ್ಲಿ ಹರಡೂ ಒಂದು. ಅಲ್ಲಿ ಅದರ ಹೆಸರು ಗುಲ್ಫ. ಅದಕ್ಕೆ ಪೆಟ್ಟಾದರೆ ನೋವು, ಪಾದದ ಬಿಗಿತ ಅಥವಾ ಕುಂಟುತನ ಉಂಟಾಗುವುದೆಂದು ಸುಶ್ರುತನ ಮತ. ನನಗೆ ಮೂರೂ ಪ್ರಾಪ್ತವಾಗಿದ್ದವು. ಇಂದಿನ ವೈದ್ಯರು ಮಾಡಿದ್ದಿಷ್ಟು: ಬಿಗಿತವನ್ನು ಪೂರ್ಣಗೊಳಿಸಿ ನೋವನ್ನು ತೆಗೆದರು, ಕುಂಟುವುದನ್ನು ಮನೆಯೊಳಗಿನ ಗುಟ್ಟಾಗಿಸಿದರು. ಇದು ಲಾಭದ ವ್ಯಾಪಾರವೆಂದೇ ನನ್ನ ಎಣಿಕೆ. ಗಂಟೆಗಟ್ಟಲೆ ನಿಂತು ಪಾಠ ಹೇಳುತ್ತಿದ್ದೇನೆ.

ಆದರೆ ಸಾಲದ ಬಡ್ಡಿ ಮುಂದಿದೆ. ಹೀಗೆ ಕೀಲು ಬೆಸೆಸಿಕೊಂಡು ಸರಾಸರಿ 22 ವರ್ಷ ಕಳೆದವರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವರದಿಯಂತೆ, ಅದೇ ಪಾದದ ನೆರೆಯ ಕೀಲುಗಳು ಹೆಚ್ಚು ಕೆಲಸದಿಂದ ಸವೆದಿದ್ದವು. ನನ್ನ ಲೆಕ್ಕದಲ್ಲಿ ಅದು ನಿವೃತ್ತಿಯ ನಂತರದ ಮಾತು. ವರ್ಷಕ್ಕೊಮ್ಮೆ ಕ್ಷಕಿರಣದ ಚಿತ್ರ ತೆಗೆಸಬೇಕೆಂದು ವೈದ್ಯರ ಅಪ್ಪಣೆ. ಕಳೆದ ತಿಂಗಳ ಚಿತ್ರದಲ್ಲಿ ಹರಡಿನ ಕೆಳಗಿನ ಸಂದು ಇನ್ನೂ ಅಗಲವಾಗಿಯೇ ಕಾಣುತ್ತಿದೆ.